ತಾಗಿತೋ, ತಾಗಿಸಿದರೋ

ಮತೂಜಿನ್ಯುಶ್ ಬಂದರಿನ ಹಿಂಬದಿಗೆ
ಬೂತಾಯಿ ಡಬ್ಬಿಗೆ ತುಂಬುವ ಕಾರ್ಖಾನೆ.
ಮೇಲಂತಸ್ತಿನ ಕೋಣೆಯಲ್ಲಿ ಸಮಿತಿಯ ಮೂವರು,
ನಾಲ್ಕನೆಯವಳು ನಾನು; ಬರೆದುಕೊಳ್ಳುವವಳು, ಲೆಕ್ಕಕ್ಕಿಲ್ಲ.
ಕಿಟಕಿ ಮುಚ್ಚಿದರೂ ಎಣ್ಣೆಯ ವಾಸನೆ ಒಳಗಿದೆ,
ತೆರೆದರೂ ಹೋಗುವುದಿಲ್ಲ.

ಇಲ್ಲಿ ಎಲ್ಲಕ್ಕೂ ಅಳತೆಯುಂಟು.
ಗೇಣಿಗೆ ಬೆರಳು ಕಡಿಮೆಯಾದರೆ ಅದು ನಮ್ಮ ಮೀನಲ್ಲ.
ಡಬ್ಬಿಗೆ ನಾಲ್ಕು, ತಲೆಯ ಕಡೆಗೊಂದು ಬಾಲ,
ಉಪ್ಪುನೀರಿನಲ್ಲಿ ಇಷ್ಟು ನಿಮಿಷ, ಆವಿಯಲ್ಲಿ ಇಷ್ಟು.
ಒಂದು ಗ್ರಾಂ ಎಣ್ಣೆ ಹೆಚ್ಚಾದರೆ
ತಕ್ಕಡಿ ಕೆಂಪು ದೀಪ ಹಚ್ಚಿಕೊಂಡು ಕಿರುಚುತ್ತದೆ.

ಎತೆಲ್ವೀನಾ ಕುರ್ಚಿಯ ತುದಿಗೆ ಕೂತಿದ್ದಾಳೆ.
ಹತ್ತೊಂಬತ್ತು ವರ್ಷ ಕತ್ತರಿ ಹಿಡಿದ ಹೆಬ್ಬೆರಳು
ಮಡಿಲಲ್ಲಿ ಖಾಲಿ ಕೂತಾಗಲೂ
ಏನನ್ನೋ ಕತ್ತರಿಸುತ್ತಿದೆ.

"ಮೇಸ್ತ್ರಿ ಏನು ಮಾಡಿದರು?"
"ತಕ್ಕಡಿಯ ಅಂಕಿ ಓದುತ್ತಾರೆ."
"ಅದು ಅವರ ಕೆಲಸ."
"ಹೌದು."
"ಮತ್ತೆ?"
"ನನ್ನ ಹೆಗಲ ಮೇಲಿಂದ ಓದುತ್ತಾರೆ."
"ಮುಟ್ಟಿದರೇ?"
"ಏಪ್ರನ್ನು ದಪ್ಪ. ಹೇಳುವುದು ಕಷ್ಟ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದರು.
ಒಳ್ಳೆಯ ಹೆಂಗಸು, ಲಿಸ್ಬನ್ನಿನಿಂದ ಬೆಳಗಿನ ರೈಲಿಗೆ ಬಂದವರು.
ನಿಜಕ್ಕೂ ತಿಳಿಯಬೇಕೆಂದೇ ಕೇಳಿದರು:
"ಕೈ ತಾಗಿತೋ, ತಾಗಿಸಿದರೋ?"

ನನ್ನ ಪೆನ್ನು ಅಲ್ಲೇ ನಿಂತಿತು.
ತಾಗಿತು ಎಂದರೆ ಗಾಳಿಯೂ ತಾಗುತ್ತದೆ,
ಬಾಗಿಲ ಚಿಲಕ, ಬಸ್ಸಿನಲ್ಲಿ ಪಕ್ಕದವನ ಒದ್ದೆ ಕೊಡೆ,
ಯಾರೂ ಮಾಡದೆ ಆಗಿಬಿಡುವಂಥದ್ದು.
ತಾಗಿಸಿದ ಎಂದರೆ ಕೈಯ ಹಿಂದೊಂದು ಮನಸ್ಸು ಬೇಕು,
ಆ ಮನಸ್ಸಿಗೆ ಸಾಕ್ಷಿ ಬೇಕು.
ನಡುವೆ ಇರುವುದು ಬರೀ ಒಂದು 'ಸಿ'.
ಎಷ್ಟು ಪಾಳಿ ಆ ಒಂದಕ್ಷರದೊಳಗೆ
ಬೆನ್ನು ಕುಗ್ಗಿಸಿ ನಿಂತಿದ್ದಳೋ ಇವಳು.

ಸಾಕ್ಷಿ ಲೆಯೊನಿಲ್ಡೆ ಬಂದಳು, ಬಿಳಿ ಟೋಪಿ ತೆಗೆಯದೆ.
"ಅಬೀಲಿಯುಗೆ ಒಂದು ಕಿವಿ ಮಂದ. ಬಾಯ್ಲರಿನ ಪಕ್ಕ ದುಡಿದವನು.
ಎಲ್ಲರ ಹತ್ತಿರವೂ ಬಾಗುತ್ತಾನೆ.
ನನ್ನ ಮಗನಿಗೆ ಲಾರಿಯ ಕೆಲಸ ಕೊಡಿಸಿದವನೂ ಅವನೇ.
ನನಗೇನೂ ಅನ್ನಿಸಿಲ್ಲ." ತುಸು ಬಿಟ್ಟು,
"ನನಗೇನೂ ಅನ್ನಿಸಿಲ್ಲ."
ನಾನು ಒಂದೇ ಸಲ ಬರೆದೆ.

ಅಂಗಳದಾಚೆಯಿಂದ ಬಲ್ತಜಾರ್ ಕೂಗಿದರೆ
ಇದ್ದಲ್ಲಿಂದಲೇ ಓಗೊಡುತ್ತಾನೆ ಅಬೀಲಿಯು; ಕಂಡಿದ್ದೇನೆ.
ನಾನು ಕೇಳಿದ್ದನ್ನು ಬರೆಯುವವಳು.
ನನ್ನನ್ನು ಯಾರೂ ಕೇಳಲಿಲ್ಲ.

ಆಮೇಲೆ ದೆಯೊಲಿಂದಾ, ಇನ್ನೂ ಎಳೆಯ ಹುಡುಗಿ:
"ಅವರು ಬಂದರೆ ನಾವು ಮೇಜಿಗೆ ಒತ್ತಿಕೊಳ್ಳುತ್ತೇವೆ."
"ಹಾಗೆ ಮಾಡಲು ಯಾರು ಹೇಳಿದರು?"
"ಯಾರೂ ಇಲ್ಲ. ಪಕ್ಕದವಳು ಒತ್ತಿಕೊಂಡಳು, ನಾನೂ."
"ಇದು ದೂರೇ?"
"ಗೊತ್ತಿಲ್ಲ ಮೇಡಂ. ಕೆಲಸ ಕಲಿಯುವಾಗ ಇದೂ ಬಂತು."

ಎತೆಲ್ವೀನಾ ಆಗ ಎದ್ದಳು.
ಅಂಗಿ ಎರಡು ಬೆರಳಿನಷ್ಟು ಮೇಲೆತ್ತಿ
ಅಧ್ಯಕ್ಷೆಗೆ ಮಾತ್ರ ಕಾಣುವಂತೆ ತಿರುಗಿದಳು.
ನನಗೂ ಕಂಡಿತು:
ಹೊಕ್ಕುಳ ಕೆಳಗೆ ಅಡ್ಡಕ್ಕೆ ಎಳೆದ ನೀಲಿ ಗೆರೆ,
ಉಕ್ಕಿನ ಮೇಜಿನ ಅಂಚು ಎಷ್ಟು ದಪ್ಪವೋ ಅಷ್ಟೇ ದಪ್ಪ.

ತಾಗಿದ್ದು ಮೇಜು.
ತಾಗಿಸಿದ್ದು?

ನಮೂನೆಯಲ್ಲಿ ಮಾತು, ಸನ್ನೆ, ಸ್ಪರ್ಶ,
ಕೊನೆಗೆ 'ಇತರೆ', ಅದರ ಮುಂದೆ ಅರ್ಧ ಸಾಲಿನ ಜಾಗ.
ವಕೀಲರು ಗಡಿಯಾರ ನೋಡಿದರು.
"ಮೇಜಿನ ಗಾಯ ಅಂತ ಬರೆದುಕೊಳ್ಳಿ," ಎಂದರು.
ಅಧ್ಯಕ್ಷೆ "ತಡೆಯಿರಿ" ಎಂದರು,
ಎಂದವರು ಮುಂದೆ ಏನೂ ಹೇಳಲಿಲ್ಲ.

ನಡಾವಳಿಯ ಪ್ರತಿಗೆ ಮೇಸ್ತ್ರಿಯ ಸಹಿ ಬೇಕು.
ಸಂಜೆ ಅವನ ಗಾಜಿನ ಗೂಡಿಗೆ ಒಯ್ದೆ.
ಹೊಸ್ತಿಲಲ್ಲೇ ನಿಂತು ಕಾಗದ ಚಾಚಿದಾಗ ಗಮನಿಸಿದೆ,
ನನ್ನ ತೋಳು ಪೂರ್ತಿ ನೆಟ್ಟಗಾಗಿದೆ,
ಹಿಮ್ಮಡಿ ಹೊರಗಿದೆ.

ಎಷ್ಟು ವರ್ಷದಿಂದ ಹೀಗೆ ಕೊಡುತ್ತಿದ್ದೇನೆ?
ಅವನೂ ಪಾಪ, ದೂರದಿಂದಲೇ ಕೈ ನೀಡಿ ತಗೊಂಡ.
"ಏನಮ್ಮಾ ಹೆದರಿಕೆ?" ಎಂದು ನಕ್ಕ.

'ಇತರೆ'ಯ ಮುಂದೆ ಇನ್ನೂ ಜಾಗವಿತ್ತು.