ಮಿಸ್ ವಾಟ್ಸ್

ಗ್ರಿಮ್ಸ್‌ಬಿಯ ಶಾಲೆಯಲ್ಲಿ ನಾನು ಊಟದ ಮಿಸ್.
ವತ್ಸಲಾ ಎಂಬುದು ನಾಲಿಗೆಯಲ್ಲಿ ಹೊರಳದೆ
ಮಕ್ಕಳಿಗೆ ನಾನು ಮಿಸ್ ವಾಟ್ಸ್.

ಕೊನೆಯ ಮೇಜಿನಲ್ಲಿ ಕಾನರ್, ಆರು ವರ್ಷ.
ಬಿಳಿಯದಷ್ಟೇ ಉಣ್ಣುತ್ತಾನೆ:
ಅಂಚು ಕತ್ತರಿಸಿದ ಬ್ರೆಡ್ಡು, ಬರೀ ಪಾಸ್ತಾ,
ಸಿಪ್ಪೆ ಸುಲಿದ ಸೇಬು, ಅದೂ ಕಂದುವ ಮೊದಲು.
ಬಟಾಣಿ ಉರುಳಿ ಆಲೂಗಡ್ಡೆಗೆ ತಾಗಿತೋ
ತಟ್ಟೆಯೇ ಮೈಲಿಗೆ.

ಉಳಿದವರು ಗದರುತ್ತಾರೆ. ನನಗೆ ನಗು.
ನಮ್ಮ ಸೋದರತ್ತೆ ಒದ್ದೆ ಸೀರೆಯಲ್ಲಿ ನಿಂತು
ಈರುಳ್ಳಿ ಹೆಚ್ಚಿದ ಈಳಿಗೆಮಣೆಯನ್ನು
ಬೂದಿ ಹಾಕಿ ಉಜ್ಜಿಸುತ್ತಿದ್ದಳು.
ಇವನದೂ ಒಂದು ಮಡಿ, ಮಂತ್ರವಿಲ್ಲ ಅಷ್ಟೆ.

ಇವತ್ತು ಅವನ ಪಕ್ಕ ತಟ್ಟೆಯಿಟ್ಟು ಕೂತೆ.
"ಒಂದೇ ಒಂದು ಬಟಾಣಿ. ಬೇಡವಾದರೆ
ಉಗಿ, ಕೈಯೊಡ್ಡುತ್ತೇನೆ."
ಅವನು ನನ್ನ ತಟ್ಟೆ ನೋಡಿದ.
ಮೂಲೆಗೆ ತಳ್ಳಿದ ಕಂದು ಚೂರುಗಳತ್ತ ಬೆರಳು:
"ಮತ್ತೆ ಅದು?"

ಅಣಬೆ.
ನಮ್ಮ ಮನೆಯಲ್ಲಿ ಅದು ನಾಯಿಕೊಡೆ,
ತಿಪ್ಪೆಯ ಮಗ್ಗುಲಲ್ಲಿ ಏಳುವುದು, ಕಾಲಲ್ಲೂ ಮುಟ್ಟದ್ದು.
ಇಪ್ಪತ್ತೆರಡು ವರ್ಷ ಈ ದೇಶದಲ್ಲಿ
ಫೋರ್ಕಿನ ತುದಿಯಿಂದ ಸದ್ದಿಲ್ಲದೆ ಸರಿಸುತ್ತ ಬಂದೆ,
ಯಾರೂ ಕಂಡಿರಲಿಲ್ಲ.

ಮೂರು ಎಣಿಸಿದೆವು.
ಅವನು ಕಣ್ಣು ಮುಚ್ಚಿದ, ನಾನೂ.
ಜಾರುವಂಥದ್ದು, ಮೆತ್ತಗಿನದು,
ಮೊದಲು ಒದ್ದೆ ಗೋಣಿ, ಆಮೇಲೆ
ಎಲ್ಲಿಂದಲೋ ಬೆಣ್ಣೆ.

ಕಾನರ್ ನನ್ನ ಅಂಗೈಗೆ ಉಗಿದ.
ಎಂಜಲಲ್ಲಿ ಬೆಚ್ಚಗೆ ಬಟಾಣಿ
ಇಡಿಯಾಗಿಯೇ ಇತ್ತು,
ಒಂದು ಹಲ್ಲಿನ ಗುರುತು ಮಾತ್ರ.
"ನೀನೂ ಉಗಿಯಬಹುದು, ಮಿಸ್" ಎಂದು
ಪುಟ್ಟ ಕೈ ಒಡ್ಡಿದ.

ನಾನಿನ್ನೂ ಅಗಿಯುತ್ತಿದ್ದೆ.