ಪಾಲಿಶ್ ಪೇಪರ್

ದಾಬೋಳಿ ಹ್ಯಾಂಗರಿನ ಹಿಂದ, ತಗಡಿನ ನೆರಳಾಗ
ರೆಕ್ಕಿ ಬಿಚ್ಚಿದ ಚೇತಕ್ ಒಂದು
ಮೂರು ಗಾಲಿ ಮ್ಯಾಲ ಕುಂತಿತ್ತು,
ಕೋಡು ಮುರದ ಎಮ್ಮಿ ಹಂಗ.

"ಬಣ್ಣ ಪೂರಾ ತೆಗಿ, ನದಾಫ. ಬರೇ ತಗಡು ಕಾಣಬೇಕು.
ಕಟ್ಟಿ ಮ್ಯಾಲ ಕೂಡಸೋದೈತಿ, ಸಾಲಿ ಹುಡುಗರು ನೋಡಾಕ"
ಅಂದ್ರು ಲೋಟ್ಲೀಕರ ಸಾಹೇಬ್ರು,
ಹಿಂದಿಯಾಗ ಹೇಳಿ, ಕೊಂಕಣಿಯಾಗ ಬೈದು,
ಎಂಬತ್ತನೇ ನಂಬರಿನ ಪೇಪರ್ ಕಟ್ಟು ಒಗದು ಹೋದ್ರು.

ಮ್ಯಾಲಿಂದು ಬೂದಿ.
ಮಳಿಗಾಲದಾಗ ಮುರ್ಗಾಂವ್ ಬಂದರದ ನೀರು ಇದ್ದಂಗ.
ಹೊಟ್ಟಿ ಕೆಳಗ ಎರಡು ಕೊಕ್ಕಿ.
"ಟಾರ್ಪೀಡೋ ಇಲ್ಲೇ ಜೋತಾಡತಿತ್ತು" ಅಂದ ತಾಂಡೇಲ,
ಪೆನ್ಶನ್ ಆದ ಮ್ಯಾಲೂ ಚಾ ಕುಡಿಯಾಕ ಬರೋ ಮೆಕ್ಯಾನಿಕ್.
"ನೀರಾಗಿನ ಹಡಗ ಹುಡುಕಿ ಹುಡುಕಿ ಬರತಿತ್ತು.
ಸಿಗಲಿಲ್ಲ. ಸಿಗಬಾರದೂ ಇತ್ತು."

ಅದರ ಕೆಳಗ ಕಿತ್ತಳಿ.
ಬಾಗಿಲ ಚೌಕಟ್ಟಿಗೆ ಹಗ್ಗ ತಿಕ್ಕಿದ ಗೆರಿ,
ನಮ್ಮೂರ ಬಾವಿ ಕಲ್ಲಿಗೂ ಇಂಥದ್ದ ಗೆರಿ.
ಎಷ್ಟು ಮೀನಗಾರರು ಆ ಹಗ್ಗಕ್ಕ ಜೋತು ಮ್ಯಾಲ ಬಂದ್ರೋ
ತಾಂಡೇಲಗ ಲೆಕ್ಕ ಇಲ್ಲ, ಒಬ್ಬನ ಬಿಟ್ಟು.
ಉಪ್ಪು ನೀರು ಕಾರಿಕೊಂಡವ ಮೊದಲ ಕೇಳಿದ್ದು,
"ನನ್ನ ಬಲಿ ಎಲ್ಲಿ?"

ಆಮ್ಯಾಲ ಬಿಳಿ. ಬಿಳಿ ಮ್ಯಾಲ ಕೆಂಪು ಕೂಡಿಸೋ ಗುರ್ತು,
ಒಳಗ ಎರಡು ಸ್ಟ್ರೆಚರಿನ ತೂತು.
ಅದನ್ನೂ ಕೆರದ್ರ ಹಸಿರು. ಲಷ್ಕರದ್ದು.
ಪಕ್ಕಿಗೆ ನಾಕು ಕ್ಷಿಪಣಿ ಕಟ್ಟಿದ ಬೋಲ್ಟು,
ಬೆಂಕಿ ಉಗುಳಿದಲ್ಲೆ ಸುಟ್ಟ ಕರಿ ಕಲಿ.
ಕೆಳಗಿಂದು ಹಳೇದು. ಇದು ನಮ್ಮ ಕೆಲಸದ ಲೆಕ್ಕ.
ಅಂದ್ರ
ಮೊದಲ ಹೊಡದೈತಿ,
ಆಮ್ಯಾಲ ಹೊತ್ತು ತಂದೈತಿ.
ತಾಂಡೇಲ ಏನೂ ಅನಲಿಲ್ಲ. ಗ್ಲಾಸು ತೊಳಿಯಾಕ ಹೋದ.

ಹಸಿರಿನ ಕೆಳಗ ಹಳದಿ, ಕಲಿಯೋರದು.
ಬಾಲದಾಗ ಮೂರು ಕಡೆ ತ್ಯಾಪಿ.
ಯಾರೋ ಇಳಿಸೋದು ಕಲತಾರ.

ಹಿಮದಾಗ ಇಳಿಯೋದೊಂದು ಇತ್ತಂತ,
ಹಡಗಿನ್ಯಾಗ ರೆಕ್ಕಿ ಮಡಚಿ ಮಲಗೋದೊಂದು.
ಕಡೀ ತಮ್ಮಂದಿರಿಗೆ ಎದಿ ಬದಲಿಸಿ, ಹೊಸಾ ಇಂಜಿನ್ ಇಟ್ಟು
ಹೆಸರಿನ ತುದಿ ತಿದ್ದಿ ಚೇತನ್ ಅಂದ್ರಂತ.
ನಾ ನಕ್ಕೆ.
ಗೇಟ್ ಪಾಸಿನ್ಯಾಗ ನಾ ಹುಸೇನ್ ಎನ್., ರೇಶನ್ ಕಾರ್ಡಿನ್ಯಾಗ ಉಸೇನಪ್ಪ,
ಬಾಯ್ನಾ ಓಣ್ಯಾಗ ಘಾಟಿ.
ತಾಳಿಕೋಟ್ಯಾಗ ಮಾತ್ರ ಇನ್ನೂ
ಪಿಂಜಾರ ಮೌಲಾಸಾಬನ ಮಗ.
ಅಪ್ಪ ಹತ್ತಿ ಹಿಂಜತಿದ್ದ, ಮೀಸಿ ತುಂಬ ಬಿಳಿ.
ನಾ ಬಣ್ಣ ಹಿಂಜತೀನಿ, ಸೀನಿದ್ರ
ಕರ್ಚೀಪಿನ್ಯಾಗ ಪಲ್ಟಣ ಪಲ್ಟಣ.

ಹನ್ನೊಂದನೇ ದಿನ ತಗಡು ಹತ್ತಿತು.
ಬಾಗಿಲ ಒಳಮೂಲ್ಯಾಗ, ರಿವೆಟ್ಟಿನ ಸಾಲಿನ ಬಾಜೂಕ
ಯಾರೋ ಸೂಜಿಯಿಂದ ಗೀರಿದ್ರು,
ಕನ್ನಡದಾಗ, ದುಂಡಗ:
ಈ ಸಾಲು ಸಡ್ಲ. ಮತ್ತೊಮ್ಮೆ ಬಡಿ.

ಬೆಂಗಳೂರಿನ ಕಾರಖಾನೆಯಾಗ ಯಾವನೋ ಮೇಸ್ತ್ರಿ.
ಹುಡುಗ ಯಾವನೋ ಬೈಸಿಕೊಂಡಾನ.
ನಾ ಹೆಬ್ಬೆಟ್ಟು ಒತ್ತಿ ಒಂದೊಂದೇ ರಿವೆಟ್ಟು ನೋಡಿದೆ,
ಹದಿನೇಳು.
ಒಂದೂ ಅಳ್ಳಾಡಲಿಲ್ಲ.
ಬಡದಾನ.

"ಏನು ಬರದೈತಿ?" ಅಂದ್ರು ಸಾಹೇಬ್ರು, ಕನ್ನಡಕ ಹಣಿಗೆ ಏರಿಸಿ.
"ಏನಿಲ್ರಿ. ನಂಬರು."
ಯಾಕ ಹಂಗ ಅಂದೆನೋ.

ಈಗ ಯಾವ ಬಣ್ಣ ಹಚ್ಚಬೇಕು ಅನ್ನೋ ಕಾಗದ ಇನ್ನೂ ಬಂದಿಲ್ಲ.
ಬೂದಿ ಅಂತಾರ ಒಬ್ಬರು, ಕಿತ್ತಳಿ ಚಂದ ಕಾಣತೈತಿ ಅಂತಾರ ಒಬ್ಬರು,
ಬಿಳಿ ಅಂದವ ತಾಂಡೇಲ, ಅವನ ಮಾತು ಯಾರು ಕೇಳತಾರ.
ಅಲ್ಲೀತನ ಬರೇ ಮೈಯಾಗ ಕುಂತೈತಿ.
ನಿನ್ನೆ ಸಂಜೀಕ ಸಮುದ್ರದ ಕಡಿಂದ ಮಾಡ ಎದ್ದಿತ್ತು.
ಝುವಾರಿನಗರದ ಬಸ್ಸು ಬಿಟ್ಟು ಹೋದ್ರೂ
ಹೊಳ್ಳಿ ಹೋಗಿ
ತಾಡಪತ್ರಿ ಹೊಚ್ಚಿ ಬಂದೆ.