ಮಡಿ

ಫೆಬ್ರವರಿ. ಗ್ರಿಮ್ಸ್‌ಬಿಯಲ್ಲಿ ಬೆಳಕೆಂದರೆ
ಕುಡಿದಿಟ್ಟ ಹಾಲಿನ ಬಾಟಲಿಯ ತಳದಲ್ಲಿ ಉಳಿದಷ್ಟು.
ಅಷ್ಟನ್ನೇ ನಂಬಿ, ಕಿಟಕಿಯ ದಂಡೆಯುದ್ದಕ್ಕೂ
ಟಾಯ್ಲೆಟ್ ಪೇಪರಿನ ಖಾಲಿ ಕೊಳವೆಗಳನ್ನು ನಿಲ್ಲಿಸಿ
ಒಂದೊಂದರಲ್ಲಿ ಒಂದೊಂದು ಬಟಾಣಿ ನೂಕಿದ್ದೇನೆ,
ತೋರುಬೆರಳಿನ ಮೊದಲ ಗೆಣ್ಣಿನಾಳಕ್ಕೆ.
ಮೊಸರಿನ ಡಬ್ಬಿಗಳಲ್ಲಿ ಲೀಕ್. ಮೊಟ್ಟೆಯ ರಟ್ಟಿನಲ್ಲಿ ಟೊಮೆಟೊ.
ಐಸ್‌ಕ್ರೀಂ ಕಡ್ಡಿಯ ಮೇಲೆ ಬರೆದ ಹೆಸರುಗಳು ನೀರು ತಾಗಿ ಅಳಿಸಿವೆ;
ಈಗ ಯಾರು ಯಾರೆಂದು ಅವಕ್ಕೇ ಗೊತ್ತು.

ಮೊಳಕೆ ಕತ್ತು ಬಗ್ಗಿಸಿಕೊಂಡೇ ಏಳುತ್ತದೆ,
ತಡವಾಗಿ ತರಗತಿಗೆ ಬಂದ ಹುಡುಗಿಯಂತೆ.
ದಿನಕ್ಕೆರಡು ಸಲ ಕೈಯ ಹಿಂಬದಿಯಿಂದ
ಆ ಎಳೆ ತಲೆಗಳನ್ನು ಸವರಬೇಕಂತೆ.
ಗಾಳಿ ಬಂತೆಂದುಕೊಂಡು ಕಾಂಡ ಗಟ್ಟಿಯಾಗುತ್ತದಂತೆ.
ಹೇಳಿದವನು ಪಕ್ಕದ ತುಂಡಿನ ಆಲ್ವಿನ್,
ಟ್ರಾಲರಿನಲ್ಲಿ ಐಸ್‌ಲ್ಯಾಂಡ್ ಕಂಡುಬಂದವ.
ಗಾಳಿಯ ಸಂಗತಿ ಅವನು ಹೇಳಿದರೆ ನಾನು ಕೇಳುತ್ತೇನೆ.

ಏಪ್ರಿಲ್. ಹಗಲು ಹೊರಗೆ, ರಾತ್ರಿ ಒಳಗೆ,
ಟ್ರೇ ಹೊತ್ತು ಹತ್ತು ದಿನ ಹೊಸ್ತಿಲು ದಾಟಿದೆ.
ಚಳಿಯನ್ನು ಚಮಚ ಚಮಚವಾಗಿ ಕುಡಿಸುವ ಕೆಲಸ.
ಆಮೇಲೆ ಮಡಿ ಮಾಡಿದೆ: ಕಲ್ಲು ಆಯ್ದು, ಹೆಂಟೆ ಒಡೆದು,
ಮಣ್ಣನ್ನು ಹಿಟ್ಟಿನಂತೆ ಜರಡಿ ಹಿಡಿದು.

ಹದಿನಾಲ್ಕನೇ ನಂಬರಿನ ಪಾರ್ಗೆಟರ್ ಮನೆಯ ಮಾರ್ಟಿಮರ್‌ಗೆ
ಬೇಕಾದದ್ದೂ ಅದೇ.
ಕಿವಿ ಹರಿದ ಕೆಂಚು ಗಂಡುಬೆಕ್ಕು.
ನಾನು ಹಾಸಿದ ಹಾಸಿಗೆ ಅವನಿಗೆ ಕಕ್ಕಸು.
ಬೆಳಿಗ್ಗೆ ನೋಡಿದರೆ ನಾಲ್ಕು ಲೀಕ್ ಬೇರು ಮೇಲಾಗಿ ಬಿದ್ದಿದ್ದವು,
ಪಕ್ಕದಲ್ಲಿ ಅಚ್ಚುಕಟ್ಟಾಗಿ ಮುಚ್ಚಿದ ಒಂದು ಪುಟ್ಟ ಗುಡ್ಡ.

ಕಿತ್ತಳೆ ಸಿಪ್ಪೆ ಹರಡಿದೆ. ಕಾಫಿ ಚರಟ ಚೆಲ್ಲಿದೆ.
ಹಾಲಿಯ ಮುಳ್ಳುಸೊಪ್ಪು ಚುಚ್ಚಿಕೊಂಡದ್ದು ನಾನೇ.
ನೀರು ತುಂಬಿದ ಬಾಟಲಿಗಳಲ್ಲಿ ಅವನು ಮುಖ ನೋಡಿಕೊಂಡು ಹೋದ.
ಕೊನೆಗೆ ಡಬ್ಬಿಗೆ ಎಂಟು ಪೌಂಡು ಕೊಟ್ಟು ತಂದೆ
ಸಿಂಹದ ಲದ್ದಿ. ಹೌದು, ಸಿಂಹದ್ದೇ.
ಮಾರ್ಟಿಮರ್ ಮೂಸಿದ, ತುಸು ಯೋಚಿಸಿದ,
ಅದರ ಮೇಲೆಯೇ ಉತ್ತರ ಬರೆದ.

ಉಳಿದದ್ದು ಮದುವೆಯಲ್ಲಿ ಬಂದ ಶೆಫೀಲ್ಡಿನ ಫೋರ್ಕುಗಳು.
ಹನ್ನೆರಡನ್ನೂ ಹಲ್ಲು ಮೇಲೆ ಮಾಡಿ ಹೂತೆ.
ಗಂಡನಿದ್ದಾಗ ಕ್ರಿಸ್‌ಮಸ್ಸಿಗೆ ಮಾತ್ರ ಹೊರಬರುತ್ತಿದ್ದವು,
ಈಗ ಮಳೆಯಲ್ಲಿ ನಿಂತಿವೆ, ಯಾರೂ ಬಾರದ ಔತಣ.

ಆ ಶುಕ್ರವಾರ ಆಲ್ವಿನ್ ಊಟಕ್ಕೆ ಬಂದ.
ಹ್ಯಾಡಕ್ ಬಡಿಸಿ, ಫೋರ್ಕಿಗೆ ತೋಟಕ್ಕೆ ಓಡಿ,
ಎರಡು ಕಿತ್ತು ತೊಳೆದು ತಂದೆ.
“ವಿನಿಫ್ರೆಡ್,” ಅಂದ, “ಆ ಮಣ್ಣಿಗೆ ಏನು ಹಾಕ್ತೀಯ?”
“ಮೀನಿನ ಪುಡಿ, ರಕ್ತದ ಪುಡಿ, ಎಲುಬಿನ ಪುಡಿ.
ವರ್ಷವೂ ಹಾಕೋದೇ. ಯಾಕೆ?”
ಅವನು ಫೋರ್ಕು ಕೆಳಗಿಟ್ಟು
ಕೆಮ್ಮು ಬರುವವರೆಗೆ ನಕ್ಕ.

ಬೇಲಿಯೇ ಹೊಲ ಮೇಯುವುದು ಕೇಳಿದ್ದೆ.
ಇಲ್ಲಿ ಬೇಲಿಯೇ ಬಾಗಿಲಿಗೆ ಬಂದು ಊಟಕ್ಕೆ ಕರೆದಿತ್ತು.

ಇಪ್ಪತ್ತೊಂಬತ್ತು ವರ್ಷ ಡಾಕಿನಲ್ಲಿ ಕಾಡ್ ಮೀನು ಸೀಳಿದವಳು ನಾನು.
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು.
ನಿಂಬೆಹಣ್ಣು, ಬ್ಲೀಚು, ಉಪ್ಪು, ಏನುಜ್ಜಿದರೂ
ವಾಸನೆ ಹೋಯಿತೆಂದು ಹೇಳುವವರು ಮನೆಯವರು ಮಾತ್ರ.
ಈಗ ಹೋಗಿದೆ. ಹೋಗಿದೆಯೆಂದೇ ಅಂದುಕೊಂಡಿದ್ದೆ.

ಮಡಿಯ ಮೇಲೆ ಕೋಳಿಗೂಡಿನ ಜಾಲರಿ ಹಾಸಿದೆ, ಅಷ್ಟೇ.
ಕಣ್ಣು ಕಣ್ಣಿನಲ್ಲೂ ಒಂದು ಲೀಕ್ ನೆಟ್ಟಗೆ ನಿಂತಿದೆ.

ಇವತ್ತು ಮೆಟ್ಟಿಲ ಮೇಲೆ ಕೂತು
ಎರಡನೇ ಸರತಿಯ ಲೆಟಿಸ್ ಸಸಿಗಳನ್ನು ಸವರುತ್ತಿದ್ದೆ,
ಕಣ್ಣು ಎಲ್ಲೋ, ಕೈ ಮಾತ್ರ ಅದರ ಪಾಡಿಗೆ.
ಟ್ರೇ ಮುಗಿದದ್ದು ಕೈಗೆ ತಿಳಿಯಲಿಲ್ಲ.
ಒಂದು ಎಲುಬಿನ ತಲೆ, ಹರಿದ ಕಿವಿ,
ಆಮೇಲೆ ಬೆನ್ನುದ್ದಕ್ಕೂ ಬಿಸಿಲು.
ತಗ್ಗಿ ನೋಡಲಿಲ್ಲ. ನೋಡಿದ್ದರೆ
ಓಡಿಸಬೇಕಾಗುತ್ತಿತ್ತು.

ಫೋರ್ಕು ಹನ್ನೊಂದು ಸಿಕ್ಕಿವೆ.
ಇನ್ನೊಂದು ಅಲ್ಲೇ ಎಲ್ಲೋ, ಲೀಕ್‌ಗಳ ಬುಡದಲ್ಲಿ.
ನವೆಂಬರಿನಲ್ಲಿ ಕೀಳುವಾಗ ಬಂದೀತು.